ಶುಭೇಚ್ಛುಕರ ಬ್ಯಾನರ್

ನನ್ನ ಕರಿಮಣಿ ಸರ ಹೋದದ್ದು ಹಾಡಹಗಲು, ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನೆದುರು, ಕ್ಯಾಮೆರಾದ ಬುಡದಲ್ಲೇ. ಬಸಳೆ ಕಟ್ಟು ಹಿಡಿದುಕೊಂಡು ಬರುತ್ತಿದ್ದೆ. ಹಿಂದಿನಿಂದ ಬೈಕು ಬಂತು, ಕುತ್ತಿಗೆ ಚುರುಕ್ ಅಂದಿತು, ಬೈಕು ಹೋಯಿತು. ನಮ್ಮ ಗಲ್ಲಿಯಲ್ಲಿ ಹೀಗೆ ಸರ ಕಳೆದುಕೊಂಡವರಲ್ಲಿ ನಾನು ಮೊದಲಿನವಳಲ್ಲ.

ಸಂಜೆಯೊಳಗೆ ಕಳ್ಳ ಯಾರೆಂದು ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ವಾಚ್‌ಮನ್ ಸೈದಪ್ಪ. ಕಲಬುರಗಿ ಕಡೆಯವನು, ಇಲ್ಲೇ ಪಕ್ಕದ ಕಳವಾ ಎಂಬಲ್ಲಿ ಒಂದು ಖೋಲಿಯಲ್ಲಿ ಸಂಸಾರ. ಆ ಹೊತ್ತಿಗೆ ಅವನು ಗೇಟಿನಲ್ಲಿರಲಿಲ್ಲ. ನೀರಿನ ಪಂಪು ಹಾಕಲು ಹೋಗಿದ್ದೆ ಅನ್ನುತ್ತಾನೆ. ಬೈಕಿನವರಿಗೆ ಇವನೇ ಸನ್ನೆ ಮಾಡಿರಬೇಕು ಎಂದು ಒಬ್ಬರು ಹೇಳಿದರು. ಇನ್ನೊಬ್ಬರಿಗೆ ಸನ್ನೆ ಕಣ್ಣಾರೆ ಕಂಡ ಹಾಗೇ ಆಯಿತು. ಭಾನುವಾರ ಕಮಿಟಿ ಮೀಟಿಂಗ್ ಕರೆದರು. ಅವನನ್ನು ತೆಗೆದುಹಾಕುವುದೊಂದೇ ವಿಷಯ.

ನನಗೂ ಸಂಶಯವಿತ್ತು, ಸುಳ್ಳೇಕೆ ಹೇಳಲಿ? ನನ್ನನ್ನು ಕಂಡಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ. ಒಂದು ದಿನ ನಿಲ್ಲಿಸಿ ಕೇಳಿದೆ.

"ನೇರ ಹೇಳು ಸೈದಪ್ಪ. ಅವರು ಯಾರು ಅಂತ ನಿನಗೆ ಗೊತ್ತುಂಟಾ?"

"ಇಲ್ರೀ ಅಕ್ಕೋರೆ. ಆ ಕ್ಯಾಮೆರಾ ತೆಗ್ಸಿ ನೋಡ್ರಿ. ನಾ ಯಾರ ಸಂಗಟ ಮಾತಾಡೀನಿ, ಇಲ್ಲ, ಎಲ್ಲಾ ಅದ್ರಾಗ ಇರ್ತದ. ಕೆಲ್ಸ ಹೋದ್ರ ಹೋಗ್ಲಿ. ಕಳ್ಳ ಅಂತ ಹೆಸ್ರು ಬಿತ್ತಂದ್ರ ಮತ್ಯಾವ ಗೇಟಿನಾಗ ನಿಂದ್ರಸ್ತಾರ್ರೀ ನನ್ನ?"

ಆ ಕ್ಯಾಮೆರಾ ಹಾಕಿಸಿದ್ದು ನಮ್ಮ ವಾರ್ಡಿನ ನಗರಸೇವಕರು, ಎಂದರೆ ಕಾರ್ಪೊರೇಟರು. ಊರಿಗೆಲ್ಲ ಅವರು 'ಭಾವು', ಮರಾಠಿಯಲ್ಲಿ ಅಣ್ಣ. ಇನ್ನು ನಮ್ಮ ಹೆಂಗಸರು ಮೈತುಂಬ ಚಿನ್ನ ಹಾಕಿಕೊಂಡು ಓಡಾಡಬಹುದು ಎಂದು ಅವತ್ತು ಭಾಷಣ ಮಾಡಿದ್ದರು. ಸರ ಹೋದ ಮೇಲೆ ಮನೆಗೂ ಬಂದರು. ಚಹಾ ಕುಡಿದು, "ಎಲ್ಲ ಹೊರಗಿನವರ ಕೆಲಸ, ವಹಿನಿ" ಎಂದರು. ಉಡುಪಿಯಿಂದ ಬಂದ ನಾನೂ ನನ್ನ ಗಂಡನೂ ಹೌದೌದೆಂದು ತಲೆಯಾಡಿಸಿದೆವು.

ಫೂಟೇಜು ಇರುವುದು ಭಾವು ಕಚೇರಿಯಲ್ಲಿ. ಫೋನ್ ಮಾಡಿದರೆ ಒಮ್ಮೆ ಸರ್ವರ್ ಡೌನ್, ಒಮ್ಮೆ ಆಪರೇಟರ್ ಊರಿಗೆ ಹೋಗಿದ್ದಾನೆ. ನಾನೇ ಹೋಗುತ್ತೇನೆ ಎಂದಾಗ ತಡೆದದ್ದು ನನ್ನ ಗಂಡ ವಸಂತಕುಮಾರ. ಇವರು ಸೊಸೈಟಿ ಕಮಿಟಿಯಲ್ಲೂ ಇದ್ದಾರೆ, ಇಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿಯೂ ಹೌದು.

"ಬೇಡ ಮಾರಾಯ್ತಿ. ಸಂಘಕ್ಕೆ ಹಾಲ್ ಕೊಡಿಸ್ತೇನೆ ಅಂದಿದ್ದಾರೆ ಭಾವು. ಈಗ ಅವರ ಕ್ಯಾಮೆರಾ ಮೇಲೆ ಸಂಶಯ ಪಟ್ರೆ ಎಂತ ಗ್ರಹಿಸಿಯಾರು?"

"ನನಗೆ ಸಂಶಯ ಇರುವುದು ಸೈದಪ್ಪನ ಮೇಲೆ. ಕ್ಯಾಮೆರಾ ಮೇಲೆ ಅಂತ ಯಾರು ಹೇಳಿದ್ದು ನಿಮಗೆ?"

ಅವರು ಓದಿ ಮುಗಿಸಿದ್ದ ಪೇಪರನ್ನೇ ಮತ್ತೆ ಬಿಡಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ದಿನದಿಂದ ನನ್ನ ಸಂಶಯ ಗೇಟು ಬಿಟ್ಟು ಮನೆಯೊಳಗೆ ಬಂತು.

ಭಾವು ಚುನಾವಣೆಯ ಪ್ರಚಾರಕ್ಕೆ ಹೋಗಿದ್ದ ಹೊತ್ತು ನೋಡಿ ಮಗಳು ನಿಶ್ಮಿತಾಳನ್ನು ಕರೆದುಕೊಂಡು ಕಚೇರಿಗೆ ಹೋದೆ. ಮರಾಠಿ, ಹಿಂದಿ ಎರಡರಲ್ಲೂ ಅವಳ ಬಾಯಿಗೆ ಎದುರಿಲ್ಲ. ಆಪರೇಟರ್ ಊರಿಗೆ ಹೋಗಿರಲಿಲ್ಲ, ಸರ್ವರ್ ಕೂಡ ಚೆನ್ನಾಗಿತ್ತು. ನಾನು ಹೇಳಿದ ದಿನ, ಹೇಳಿದ ಹೊತ್ತು ಹಾಕಿ ತೋರಿಸಿದ. ಪರದೆ ತುಂಬ ಬರೀ ಬಿಳಿ. ಗಾಳಿಗೆ ಉಬ್ಬುವುದು, ತಗ್ಗುವುದು. ರಸ್ತೆ ಇಲ್ಲ, ಬೈಕಿಲ್ಲ, ನಾನೂ ಇಲ್ಲ.

"ಥೋಡಾ ಪೀಛೇ ಲೋ," ಎಂದಳು ನಿಶ್ಮಿತಾ.

ಅವನು ಹಿಂದೆ ಓಡಿಸಿದ. ಹಿಂದಿನ ದಿನವೂ ಬಿಳಿ, ಅದರ ಹಿಂದಿನ ದಿನವೂ ಬಿಳಿ. ಆಮೇಲೆ ಒಮ್ಮೆಲೇ ಬೆಳಕು ಬಂದು ಪರದೆ ತುಂಬ ಒಂದು ಮುಖ ಕಂಡಿತು. ಬೆವರಿದ ಹಣೆ, ಹಲ್ಲಿನಲ್ಲಿ ಕಚ್ಚಿದ ಹಗ್ಗ. ನಮ್ಮ ವಸಂತಕುಮಾರರು ಏಣಿಯ ಮೇಲೆ ನಿಂತು ಸಂಘದ ಬ್ಯಾನರ್ ಕಟ್ಟುತ್ತಿದ್ದರು.

ಆ ಬ್ಯಾನರನ್ನು ನಾನು ದಿನಾ ನೋಡುತ್ತಿದ್ದೆ. ನಮ್ಮಲ್ಲಿ ಬ್ಯಾನರ್ ಇಲ್ಲದ ಕಂಬ ಕಂಡರೇ ಆಶ್ಚರ್ಯ. 'ಕ್ಯಾಮೆರಾ ಹಾಕಿಸಿಕೊಟ್ಟ ಭಾವು ಅವರಿಗೆ ಕನ್ನಡಿಗರ ಹೃತ್ಪೂರ್ವಕ ಕೃತಜ್ಞತೆಗಳು.' ಮೇಲೆ ಭಾವು ದೊಡ್ಡದಾಗಿ ಕೈ ಮುಗಿದಿದ್ದಾರೆ. ಕೆಳಗೆ ಶುಭೇಚ್ಛುಕರು ಎಂದು ಬರೆದು, ಸಂಘದವರ ಮುಖಗಳು ಪಾಸ್‌ಪೋರ್ಟ್ ಸೈಜಿನಲ್ಲಿ ಸಾಲಾಗಿ. ಆ ಸಾಲಿನಲ್ಲಿ ಇವರೂ ಇದ್ದಾರೆ. ಅದರ ಹಿಂದೆ ಕ್ಯಾಮೆರಾ ಕಣ್ಣು ಮುಚ್ಚಿಕೊಂಡಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

"ಯೇ ತೋ ಪಪ್ಪಾ ಹೈ," ಎಂದು ನಿಶ್ಮಿತಾ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿ, ಪರದೆಯ ಫೋಟೋ ತೆಗೆದುಕೊಂಡಳು.

ಮನೆಗೆ ಬಂದು ಇವರನ್ನು ಕೇಳಿದೆ. "ನಿಮಗೆ ಯಾವಾಗ ಗೊತ್ತಾದ್ದು?"

"ಸರ ಹೋದ ದಿನವೇ," ಎಂದರು ನೆಲ ನೋಡುತ್ತ. "ಭಾವು ಕಡೆಯವರಿಗೂ ಗೊತ್ತುಂಟು. ಓಟು ಮುಗಿಯುವವರೆಗೆ ಬಾಯಿ ಬಿಡಬೇಡಿ ಅಂದ್ರು."

"ಮತ್ತೆ ಸೈದಪ್ಪ?"

"ಅವನಿಗೆ ಬೇರೆ ಎಲ್ಲಿಯಾದ್ರೂ ಕೆಲಸ ಸಿಗ್ತದೆ."

ಸರ ಹೋದಾಗ ನಾನು ಅತ್ತಿರಲಿಲ್ಲ. ಆಗ ಅತ್ತೆ. ಆ ಮನುಷ್ಯನ ಬಗ್ಗೆ ನನಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಭಾನುವಾರದ ಮೀಟಿಂಗಿನಲ್ಲಿ ಇವರು ಬಾಯಿ ಬಿಡಲಿಲ್ಲ. ನಾನೇ ಎದ್ದು ಆ ಫೋಟೋ ಇದ್ದ ಮೊಬೈಲನ್ನು ಎಲ್ಲರ ಕೈಗೂ ದಾಟಿಸಿದೆ. "ಕ್ಯಾಮೆರಾದಲ್ಲಿ ಸಿಕ್ಕಿದ್ದು ಇದೊಂದೇ ಮುಖ. ತೆಗೆಯುವುದಿದ್ದರೆ ಇವರನ್ನು ತೆಗೆಯಿರಿ." ಸೈದಪ್ಪನ ಕೆಲಸ ಉಳಿಯಿತು. ಬ್ಯಾನರ್ ಬಿಚ್ಚಿ ಎಂದದ್ದಕ್ಕೆ ಮಾತ್ರ, ಭಾವು ಅವರನ್ನು ಒಂದು ಮಾತು ಕೇಳಬೇಕಲ್ಲ ಎಂದು ಎಲ್ಲರೂ ಎದ್ದು ಹೋದರು.

ನಾನು ಮೀನು ಕೊಯ್ಯುವ ಚೂರಿ ತಂದೆ. "ನೀನು ಪಂಪಿನ ಹತ್ತಿರ ಹೋಗು. ನೀನು ಎಂತದೂ ನೋಡಿಲ್ಲ," ಎಂದು ಸೈದಪ್ಪನನ್ನು ಕಳಿಸಿದೆ. ನಿಶ್ಮಿತಾ ಏಣಿ ಹಿಡಿದಳು. ಹಗ್ಗ ಕೊಯ್ದಾಗ ಭಾವು ಶುಭೇಚ್ಛುಕರ ಸಮೇತ ಕೆಳಗೆ ಬಿದ್ದರು.

ನನ್ನ ಸರ ಕದ್ದವರು ಇವತ್ತಿಗೂ ಸಿಕ್ಕಿಲ್ಲ. ನನ್ನನ್ನು ಹುಡುಕಿಕೊಂಡು ಭಾವು ಕಡೆಯ ಇಬ್ಬರು ಮರುದಿನ ಬೆಳಿಗ್ಗೆಯೇ ಬಂದರು. ಇವರು ಬಾಗಿಲ ಹಿಂದೆ ನಿಂತರು, ನಾನು ಬಾಗಿಲಲ್ಲಿ ನಿಂತೆ. ಬಂದವರು ಮೊಬೈಲ್ ಮುಂದೆ ಹಿಡಿದು, ಇದು ನೀವೇ ಅಲ್ಲವಾ ಎಂದು ಕೇಳಿದರು.

ಕ್ಯಾಮೆರಾದ ಚಿತ್ರ ಬಹಳ ಚೆನ್ನಾಗಿ ಬಂದಿತ್ತು. ಕೈಯಲ್ಲಿದ್ದ ಚೂರಿ, ಕೆದರಿದ ಕೂದಲು, ನನ್ನ ಬೋಳು ಕುತ್ತಿಗೆ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

"ನಾನೇ," ಎಂದೆ. "ಸರ್ವರ್ ಸರಿಯಾಯ್ತಾ?"