ಬೇರೆಯವನ ಸ್ವರದಲ್ಲಿ

ಮಂಜೇಶ್ವರದ ತುಳು ಮನೆಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಮಲಯಾಳಂ ಸಿನಿಮಾದಲ್ಲಿ ಅನ್ನ ಕಂಡವನು ಲತೀಶ್. ಐದು ಚಿತ್ರಗಳಿಗೆ ಕಥೆ ಬರೆದ, ಮೂವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಒಂದೇ ಪಾತ್ರ. ಮೊದಲ ಚಿತ್ರಕಥೆಯಲ್ಲಿ ತನಗಾಗಿ ತಾನೇ ಬರೆದುಕೊಂಡ ಚಿಕ್ಕ ಪಾತ್ರ ಅದು. ಕಳ್ಳನನ್ನು ಅಟ್ಟಿಸಿಕೊಂಡು ಹೋಗಿ ಕೆಸರುಗದ್ದೆಗೆ ಬೀಳುವ ಪೊಲೀಸ್ ಪೇದೆ ಮೈಯೆಲ್ಲ ಕೆಸರಾಗಿ ಮೇಲಧಿಕಾರಿಯ ಮುಂದೆ ನಿಂತು, ಕಾಸರಗೋಡು ರಾಗದ ಮಲಯಾಳಂನಲ್ಲಿ, "ಕಳ್ಳ ಓಡಿದ ಸಾರೇ, ನಾನು ಬಿದ್ದೆ" ಎನ್ನುತ್ತಾನೆ. ಕೇರಳಕ್ಕೆ ಕೇರಳವೇ ನಕ್ಕಿತು. ಆಮೇಲೆ ಬಂದ ನಿರ್ಮಾಪಕರಿಗೆಲ್ಲ ಆ ಪೇದೆಯೇ ಬೇಕು. ಅಪರೂಪಕ್ಕೆ ಗಂಭೀರ ಪಾತ್ರ ಸಿಕ್ಕಾಗಲೂ ಡಬ್ಬಿಂಗಿಗೆ ಬೇರೆ ಯಾರನ್ನೋ ಕರೆದರು. ಪೇದೆಯನ್ನು ಬರೆದವನೂ ಇವನೇ ಎಂಬುದು ಯಾರಿಗೂ ಬೇಕಾಗಿರಲಿಲ್ಲ.

ಅವಕಾಶಗಳು ಕಡಿಮೆಯಾಗುತ್ತ ಬಂದ ಹೊತ್ತಿಗೆ ಹೆಂಡತಿ ದೀಕ್ಷಿತಾಳಿಗೆ ಕೆನಡಾದಲ್ಲಿ ನರ್ಸ್ ಕೆಲಸ ಸಿಕ್ಕಿತು. ವಿಟ್ಬಿಯಲ್ಲಿ ಮನೆ ಮಾಡಿದರು. ಅವಳಿಗೆ ನ್ಯೂಮಾರ್ಕೆಟ್ ಆಸ್ಪತ್ರೆಯಲ್ಲಿ ಶಿಫ್ಟು, ಮಗಳು ತೃಷಾಳಿಗೆ ಮನೆ ಹತ್ತಿರದ ಹೈಸ್ಕೂಲು. ಲತೀಶ್ ಸ್ಕೂಲ್ ಬಸ್ಸಿನ ಲೈಸೆನ್ಸ್ ಮಾಡಿಸಿಕೊಂಡ. ಬೆಳಗಿನ ಟ್ರಿಪ್ಪು ಮುಗಿದು ಮಧ್ಯಾಹ್ನದ್ದು ಶುರುವಾಗುವವರೆಗೆ ಖಾಲಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದ. ತುಳುವರ ಪಿಕ್ನಿಕ್ಕಿಗೆ ಹೋದರೆ ಹಿರಿಯರಾದ ಸೀನಪ್ಪನವರು ಮೈಕು ಹಿಡಿದು, ನಮ್ಮ ಕಾನ್‌ಸ್ಟೇಬಲ್ ಬಂದಿದ್ದಾರೆ, ಒಂದು ಸಲ ಆ ಡೈಲಾಗ್ ಆಗಲಿ ಎಂದು ಕರೆಯುತ್ತಿದ್ದರು. ಹೇಳದಿದ್ದರೆ ಜಂಬ ಅನ್ನುತ್ತಾರೆ. ಹೇಳಿ ಬಂದ ದಿನ ಅವನು ಮನೆಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ಹೀಗಿರುವಾಗ ಊರಲ್ಲಿ ಅವನ ಅಣ್ಣ ಗಿರೀಶ ಹೃದಯಾಘಾತದಿಂದ ತೀರಿಕೊಂಡ. ಲತೀಶನ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು, ಹೊರಡುವ ದಾರಿಯೇ ಇರಲಿಲ್ಲ. ಅತ್ತಿಗೆ ವಿಡಿಯೊ ಕರೆ ಮಾಡಿ, ಫೋನನ್ನು ಹೆಣದ ಕಿವಿಯ ಹತ್ತಿರ ಹಿಡಿದು, "ಎಂತಾದರೂ ಹೇಳು ಲತೀಶ, ಇನ್ನು ಎತ್ತುತ್ತಾರೆ" ಎಂದರು. ಬೇರೆಯವರ ಬಾಯಿಗೆ ಅಷ್ಟೊಂದು ಮಾತು ಬರೆದುಕೊಟ್ಟವನ ಗಂಟಲಿನಿಂದ ಒಂದು ಶಬ್ದ ಹೊರಡಲಿಲ್ಲ. ಪರದೆಯಲ್ಲಿ ಅಣ್ಣನ ಕಿವಿ, ಒಂದಿಷ್ಟು ನರೆಗೂದಲು. ಯಾರೋ ಬಂದು ಹೊತ್ತಾಯಿತು ಎಂದರು, ಕರೆ ನಿಂತಿತು.

ಆಡದೆ ಉಳಿದದ್ದನ್ನೆಲ್ಲ ಅವನು ಆಮೇಲೆ ಬಸ್ಸಿನಲ್ಲಿ ಕೂತು ಬರೆದ. ಬರೆದದ್ದು ಬೆಳೆದು ಚಿತ್ರಕಥೆಯಾಯಿತು. ಅದರ ಕೊನೆಯಲ್ಲಿ ಒಬ್ಬ ಬಸ್ ಡ್ರೈವರ್, ಮಕ್ಕಳನ್ನು ಇಳಿಸಿ, ಎಂಜಿನ್ ಆರಿಸಿ, ಊರಲ್ಲಿ ಸತ್ತು ಮಲಗಿದ ಅಣ್ಣನ ಜತೆ ಫೋನಿನಲ್ಲಿ ಮಾತಾಡುತ್ತಾನೆ. ಲತೀಶನನ್ನು ಅಣ್ಣ ಎಂಬರ್ಥದಲ್ಲಿ ಚೇಟ್ಟಾ ಎಂದೇ ಕರೆಯುವ ಕೊಚ್ಚಿಯ ಯುವ ನಿರ್ದೇಶಕ ಜಿತಿನ್ ಅದನ್ನು ಓದಿ ಬಹಳ ಮೆಚ್ಚಿಕೊಂಡ. ಡ್ರೈವರನ ಪಾತ್ರ ತಾನೇ ಮಾಡಬೇಕು, ಡಬ್ಬಿಂಗ್ ಇಲ್ಲದೆ ಸ್ಥಳದಲ್ಲೇ ದಾಖಲಾದ ತನ್ನ ಸ್ವರವೇ ಇರಬೇಕು ಎಂದು ಲತೀಶ್ ಕೇಳಿದ. ಆ ದೃಶ್ಯಕ್ಕೆ ಬೇರೆ ಸ್ವರವನ್ನು ಯಾರು ಊಹಿಸುತ್ತಾರೆ ಚೇಟ್ಟಾ ಎಂದು ಜಿತಿನ್ ನಕ್ಕ. ಅದನ್ನೇ ಒಪ್ಪಿಗೆ ಎಂದು ಲತೀಶ್ ತಿಳಿದ.

ಫೆಬ್ರವರಿಯಲ್ಲಿ ಕೆನಡಾದಲ್ಲೇ, ಜಾರ್ಜ್‌ಟೌನಿನ ಒಂದು ಪಾರ್ಕಿಂಗ್ ಲಾಟಿನಲ್ಲಿ ಶೂಟಿಂಗ್ ನಡೆಯಿತು. ಹೀಟರಿನ ಸದ್ದು ಬರಬಾರದೆಂದು ಬಸ್ಸನ್ನು ಆರಿಸಿಟ್ಟಿದ್ದರು, ಕಿಟಕಿಯ ಒಳಗಡೆಯೂ ಹಿಮ ಕಟ್ಟಿತ್ತು. "ಅಣ್ಣಾ, ನೀನು ಕೊಡಿಸಿದ ಚಪ್ಪಲಿ ಇಲ್ಲಿ ಹಾಕಲಿಕ್ಕೆ ಆಗುವುದಿಲ್ಲ. ತೆಗೆದಿಟ್ಟಿದ್ದೇನೆ. ಬರುವಾಗ ಹಾಕಿಕೊಂಡು ಬರುತ್ತೇನೆ ಅಂತ ಇದ್ದೆ" ಎಂದು ಲತೀಶ್ ಶುರುಮಾಡಿದ. ಎಲ್ಲಿ ಅಳಬೇಕು, ಎಲ್ಲಿ ತಡೆಯಬೇಕು ಎಂದೆಲ್ಲ ಮೊದಲೇ ಯೋಚಿಸಿದ್ದ, ಯಾವುದೂ ನೆನಪಾಗಲಿಲ್ಲ. ಮುಗಿದ ಮೇಲೆ ಕ್ಯಾಮೆರಾದವನು ಮುಖ ತಿರುಗಿಸಿಕೊಂಡು ನಿಂತಿದ್ದ. ಜಿತಿನ್ ಬಂದು ತಬ್ಬಿಕೊಂಡ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ, ತಾನು ಸುಮ್ಮನೆ ಈ ಕಸುಬಿಗೆ ಬಂದದ್ದಲ್ಲ ಎಂದು ಲತೀಶನಿಗೆ ಅನ್ನಿಸಿತು.

ಚಿತ್ರ ಶರತ್ಕಾಲದಲ್ಲಿ ಕೆನಡಾದಲ್ಲೂ ತೆರೆಕಂಡಿತು. ಶನಿವಾರ ಮಧ್ಯಾಹ್ನದ ಆಟಕ್ಕೆ ಪರಿಚಯದವರನ್ನೆಲ್ಲ ಲತೀಶನೇ ಫೋನು ಮಾಡಿ ಕರೆದಿದ್ದ. ದೀಕ್ಷಿತಾ ಶಿಫ್ಟು ಬದಲಾಯಿಸಿಕೊಂಡಿದ್ದಳು. ಕೊನೆಗೆ ಬಸ್ಸು ಬಂತು, ಹಿಮ ಕಟ್ಟಿದ ಕಿಟಕಿ ಬಂತು, ಅವನ ಮುಖ ಪರದೆಯ ತುಂಬ ಬಂತು. ತುಟಿ ಬಿಚ್ಚಿತು. ಬಂದ ಸ್ವರ ಬೇರೆ ಯಾರದ್ದೋ. ತುಂಬಿದ, ಹದವಾದ ಸ್ವರ, ವಾರ್ತೆ ಓದುವವರ ಹಾಗೆ ಒಂದೊಂದು ಅಕ್ಷರವೂ ಸ್ಪಷ್ಟ. ಆ ಸ್ವರ ಅವನ ಅಣ್ಣನನ್ನು ಅಣ್ಣಾ ಎಂದು ಕರೆಯಿತು.

ತೃಷಾ ಅವನ ತೋಳು ಹಿಡಿದು, "ಅಪ್ಪಾ, ದಟ್ಸ್ ನಾಟ್ ಯು" ಎಂದು ಪಿಸುಗುಟ್ಟಿದಳು. ಸುತ್ತ ಜನ ಮೂಗು ಒರೆಸಿಕೊಳ್ಳುತ್ತಿದ್ದರು. ಎದ್ದು ಹೋಗಬೇಕೆನಿಸಿತು. ಸಾಲಿನ ನಡುವೆ ಕೂತಿದ್ದ, ಅತ್ತ ಇತ್ತ ಅಳುವವರ ಮೊಣಕಾಲು ದಾಟಿ ಹೋಗುವುದು ಹೇಗೆ? ಕೂತೇ ಇದ್ದ. ಹೊರಗೆ ಬಂದಾಗ ಸೀನಪ್ಪನವರು ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಇನ್ನೂ ಒದ್ದೆಯಾಗಿತ್ತು.

"ಎಂಥಾ ಸ್ವರ ಮಾರಾಯಾ ನಿನ್ನದು. ಇಷ್ಟು ದಿವಸ ಎಲ್ಲಿಟ್ಟಿದ್ದೆ?"

ಲತೀಶ್ ಕೈ ಬಿಡಿಸಿಕೊಂಡ. ಕಾರಿನ ಕೀಲಿಯನ್ನು ದೀಕ್ಷಿತಾಳ ಕೈಗೆ ಕೊಟ್ಟು, ಹಿಂದಿನ ಸೀಟಿನಲ್ಲಿ ಹೋಗಿ ಕೂತ.

ಮರುದಿನ ಬೆಳಿಗ್ಗೆ ಜಿತಿನನಿಗೆ ಫೋನು ಮಾಡಿದ. ಬೈಯಬೇಕೆಂದೇ ಮಾಡಿದ್ದು. ಜಿತಿನ್ ತಪ್ಪಿಸಿಕೊಳ್ಳಲಿಲ್ಲ. ಕೊಚ್ಚಿಯಲ್ಲಿ ಚಿತ್ರವನ್ನು ಮೊದಲು ಕೆಲವರಿಗೆ ತೋರಿಸಿದ್ದೆವು, ಬಸ್ಸಿನ ದೃಶ್ಯ ಬಂದಾಗ ಜನ ನಕ್ಕರು ಎಂದ. ಬೇರೆ ಗುಂಪಿಗೆ ತೋರಿಸಿದರೆ ಅವರೂ ನಕ್ಕರಂತೆ.

"ಅಭಿನಯಕ್ಕಲ್ಲ ಚೇಟ್ಟಾ. ನೀವು ಬಾಯಿ ತೆರೆದ ತಕ್ಷಣ ಅವರಿಗೆ ಆ ಪೇದೆ ನೆನಪಾಗುತ್ತಾನೆ. ನಾನು ಏನು ಮಾಡಲಿ? ದೃಶ್ಯ ಉಳಿಯಬೇಕಿತ್ತು."

"ನನಗೆ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ದರೆ ನೀವು ಒಪ್ಪುತ್ತಿದ್ದಿರಾ?"

ಲತೀಶನ ಬೈಗುಳ ಎಲ್ಲಿಗೋ ಹೋಯಿತು. ಸ್ಥಳದಲ್ಲಿ ದಾಖಲಾದ ಮೂಲ ಸ್ವರದ ದೃಶ್ಯವನ್ನಾದರೂ ಕಳಿಸು ಎಂದು ಕೇಳಿದ. ಒಂದು ವಾರದ ಮೇಲೆ ಅದು ಬಂತು.

ದೀಕ್ಷಿತಾ ರಜೆಯಲ್ಲಿದ್ದ ದಿನ ಇಬ್ಬರೂ ಅಡುಗೆಮನೆಯಲ್ಲಿ ಕೂತು ನೋಡಿದರು. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಲತೀಶ್ ಅದನ್ನು ನಿಲ್ಲಿಸಿದ. ವಾಕ್ಯದ ಕೊನೆಗೆ ಸ್ವರ ಮೇಲಕ್ಕೆ ಎಳೆದ ಆ ರಾಗ, ಕೆಸರಲ್ಲಿ ನಿಂತವನದ್ದೇ. ಅವನಿಗೇ ಅದು ಕೇಳಿಸಿಬಿಟ್ಟಿತ್ತು.

"ಜಿತಿನ್ ಹೇಳಿದ್ದು ಸುಳ್ಳಲ್ಲ," ಎಂದ. "ನನಗೂ ಅವನೇ ಕೇಳುತ್ತಾನೆ. ಇಪ್ಪತ್ತು ವರ್ಷ ಅವನನ್ನೇ ಮಾಡಿಸಿ ಮಾಡಿಸಿ ನನ್ನ ನಾಲಗೆಯನ್ನೇ ಹಾಳು ಮಾಡಿದರು."

ದೀಕ್ಷಿತಾ ಫೋನು ತೆಗೆದುಕೊಂಡು ಪೂರ್ತಿ ನೋಡಿದಳು. ಕಣ್ಣೊರೆಸಿಕೊಂಡು, ಸ್ವಲ್ಪ ಸಿಟ್ಟಿನಿಂದಲೇ ಮಾತಾಡಿದಳು.

"ನನ್ನನ್ನು ನೋಡ್ಲಿಕ್ಕೆ ಬಂದ ದಿನವೂ ನೀವು ಹೀಗೇ ಮಾತಾಡಿದ್ದು. ಆವಾಗ ಯಾವ ಸಿನಿಮಾ ಇತ್ತು? ನಿಮ್ಮ ಅಣ್ಣ ಮಾತಾಡ್ತಿದ್ದದ್ದೂ ಹೀಗೇ. ಪೇದೆಗೆ ಆ ರಾಗ ಎಲ್ಲಿಂದ ಬಂತು ಹೇಳಿ?"

ಅವನು ಎದ್ದು ಹಿತ್ತಲಿಗೆ ಹೋಗಿ ಉದುರಿದ ಎಲೆಗಳನ್ನು ಗುಡಿಸಿದ. ಗುಡಿಸಿದ್ದನ್ನು ಗಾಳಿ ಮತ್ತೆ ಹರಡಿತು, ಮತ್ತೆ ಗುಡಿಸಿದ. ಹಾಗಾದರೆ ಜನ ನಗುವುದು ಪೇದೆಗಲ್ಲ, ಮಂಜೇಶ್ವರದ ತನ್ನ ಮನೆಯ ಮಾತಿಗೆ. ಆ ನಗೆಯನ್ನು ಮೊದಲು ಮಾರಾಟಕ್ಕಿಟ್ಟವನೂ ತಾನೇ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕು ಎಂದೇ ತಿಳಿಯಲಿಲ್ಲ.

ಚಿತ್ರ ಥಿಯೇಟರಿನಿಂದ ಹೋದ ಮೇಲೆ ಅವನು ಜಿತಿನನ ಒಪ್ಪಿಗೆ ಪಡೆದು, ನಗುವವರು ನಗಲಿ, ಅಣ್ಣನಿಗೆ ಆಡಿದ್ದು ತನ್ನ ಮಾತಿನಲ್ಲೇ ಇರಲಿ ಎಂದು, ತನ್ನ ಸ್ವರವಿರುವ ದೃಶ್ಯವನ್ನು ತೃಷಾಳಿಂದ ಯೂಟ್ಯೂಬಿಗೆ ಹಾಕಿಸಿದ. ಜಿತಿನ್ ಒಪ್ಪಿದನಾದರೂ, ಬೇಡವಿತ್ತು ಚೇಟ್ಟಾ, ಜನ ಈಗ ನಿಮ್ಮನ್ನು ಬೇರೆ ಥರ ನೋಡಲು ಶುರುಮಾಡಿದ್ದಾರೆ ಎಂದ. ನಿಜವೇ. ಒಬ್ಬ ನಿರ್ಮಾಪಕ ತಂದೆಯ ಪಾತ್ರಕ್ಕೆ ಕೇಳಿದ್ದ, ಸ್ವರವೂ ನನ್ನದೇ ಇರಬೇಕು ಎಂದಾಗ ಯೋಚಿಸಿ ಹೇಳುತ್ತೇನೆ ಎಂದವನು ಮತ್ತೆ ಫೋನು ಮಾಡಲಿಲ್ಲ.

ಮರುದಿನ ಬೆಳಿಗ್ಗೆಯೇ ತೃಷಾ ಕಮೆಂಟುಗಳನ್ನು ನೋಡಿ ಮುಖ ಸಣ್ಣ ಮಾಡಿಕೊಂಡಳು. ಮೇಲಿಂದ ಕೆಳಗಿನವರೆಗೆ ನಗುವ ಮುಖಗಳು, ಕಳ್ಳ ಓಡಿದ ಸಾರೇ ಎಂಬ ಅದೇ ಸಾಲು. ನಡುವೆ ಯಾರೋ ಒಬ್ಬರು, ನಮ್ಮ ಅಪ್ಪನೂ ಹೀಗೇ ಮಾತಾಡುತ್ತಿದ್ದರು ಎಂದು ಬರೆದಿದ್ದರು. ಅದರ ಕೆಳಗೂ ಯಾರೋ ನಕ್ಕಿದ್ದರು.

"ಅಪ್ಪಾ, ಶುಡ್ ಐ ಟೇಕ್ ಇಟ್ ಡೌನ್?" ಎಂದು ಕೇಳಿದಳು.

"ಬೇಡ, ಇರಲಿ" ಎಂದ ಲತೀಶ್. ಸ್ವರ ಗಡುಸಾಗಿತ್ತು, ಮಗಳು ಮತ್ತೆ ಕೇಳಲಿಲ್ಲ. ಬೆಳಗಿನ ಟ್ರಿಪ್ಪಿಗೆ ಹೊತ್ತಾಗುತ್ತಿತ್ತು. ಅವನು ಜಾಕೆಟ್ ಹಾಕಿಕೊಂಡು ಹೊರಟ.