ಎರಡು ಬೆರಳು ಬಟ್ಟೆ

ಬಂಟ್ವಾಳ ಪೇಟೆಯಲ್ಲಿ ಝುಬೈರನ ಬಟ್ಟೆ ಅಂಗಡಿ. ಅವನ ತಂದೆಯ ಕಾಲದಿಂದ ಹದಿನೆಂಟು ವರ್ಷ ಅದರ ಕಿಟಕಿ ಪಕ್ಕ ನನ್ನ ಹೊಲಿಗೆ ಮಿಶನ್ ಇತ್ತು. ೨೦೦೪ರಲ್ಲಿ ಆ ಜಾಗಕ್ಕೆ ಕಂಪ್ಯೂಟರ್ ಬಂತು. ನನ್ನನ್ನು ಹಿಂದಿನ ಗೋಡೌನಿಗೆ ದಬ್ಬಿದರು.

"ಜಲಜಕ್ಕ, ಇನ್ನು ಹೊಸ ಕಲೆಕ್ಷನ್ ಎಲ್ಲ ಇದರಲ್ಲೇ ತೋರಿಸುವುದು. ಜಸ್ನಾಳ ಮದುವೆ ಆರ್ಡರ್ ಸಿಕ್ಕಿದರೆ ಹೊಲಿಗೆಯೂ ಬಾಂಬೆಯಲ್ಲೇ. ನೀವು ಮನೆಯಲ್ಲಿ ಆರಾಮ ಇರಿ," ಎಂದ ಝುಬೈರ್.

ಮನೆಯಲ್ಲಿ ಆರಾಮ ಇರಲು ನನಗೇನು ರೋಗವೇ?

ಮದುಮಗಳು ಜಸ್ನಾಳ ಅಜ್ಜಿ ಬೀಯಮ್ಮ ಮದುವೆ ಬಟ್ಟೆ ನೋಡಲು ವಾಮದಪದವಿನಿಂದ ಬಂದರು. ಝುಬೈರನನ್ನು ತೊಟ್ಟಿಲಲ್ಲಿ ತೂಗಿದವರು. ಪರದೆಯಲ್ಲಿ ಸಂಗೀತ ಶುರುವಾಗಿ, ಜರಿ ಉಡುಪಿನ ಹುಡುಗಿ ಗಿರ್ರನೆ ತಿರುಗಿದಳು. ಬೆನ್ನು ಬರಬೇಕಾದಲ್ಲಿ ಮತ್ತೆ ಅದೇ ಮುಖ, ಅದೇ ಗುಂಡಿಗಳು! ಇದ್ದದ್ದು ಎದುರಿನ ಫೋಟೋ ಒಂದೇ. ಝುಬೈರ್ ಅದನ್ನೇ ಎರಡು ಸಲ ಹಾಕಿದ್ದ.

"ಇವಳಿಗೆ ಬೆನ್ನಿಲ್ಲವಾ ಮೋನೆ?" ಬೀಯಮ್ಮ ಮಗನನ್ನು ಕೇಳುವಂತೆ ಕೇಳಿದರು.

"ಅದು ಡಿಜಿಟಲ್ ಅಲ್ವಾ..."

"ಇರಲಿ. ಒಳಗಿನ ಹೊಲಿಗೆ ತೋರಿಸು."

ನಮ್ಮಲ್ಲಿ ಮದುವೆ ಬಟ್ಟೆ ನೋಡುವ ಹಿರಿಯರು ಮೊದಲು ಅದನ್ನು ಮಗುಚಿ, ಒಳಗೆ ಹೊಲಿಗೆಯ ಆಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೆಂದು ಬೆರಳಿಟ್ಟು ಅಳೆಯುತ್ತಾರೆ. ನಾಲ್ಕು ಮನೆಯ ಔತಣ ಉಂಡ ಮದುಮಗಳು ತಿಂಗಳಲ್ಲೇ ದಪ್ಪವಾಗುತ್ತಾಳೆ. ಬಿಚ್ಚಿ ಅಗಲ ಮಾಡಲು ಎರಡು ಬೆರಳಾದರೂ ಬೇಕು.

ಝುಬೈರ್ ಮೌಸ್ ಒತ್ತಿದ. ಚಿತ್ರ ದೊಡ್ಡದಾಯಿತು. ಮತ್ತೆ ಒತ್ತಿದ. ಪರದೆ ತುಂಬ ಒಂದೇ ಒಂದು ಗುಂಡಿ.

"ಒಳಗೆ," ಎಂದರು ಬೀಯಮ್ಮ.

ಕೊನೆಗೆ ಅವರ ತಾಳ್ಮೆ ಕೆಟ್ಟಿತು. ಝುಬೈರನ ಅಂಗಿಯನ್ನೇ ಹಿಡಿದೆಳೆದು, ಮಗುಚಿ, ಬದಿಯ ಹೊಲಿಗೆಗೆ ಬೆರಳಿಟ್ಟರು. ದುಬೈ ಅತ್ತರು ಪೂಸಿಕೊಂಡ ಮಾಲಕ ಹೊಟ್ಟೆ ತೋರಿಸಿಕೊಂಡು ನಿಂತ. ಗೋಡೌನಿನ ಬಾಗಿಲಲ್ಲಿ ನಾನು ನಗು ತಡೆಯಲು ಸೆರಗು ಕಚ್ಚಿಕೊಂಡೆ.

"ಎರಡು ಬೆರಳು ಸರಿಯಾಗಿ ಉಂಟು. ಇದು ಬಾಂಬೆಯದ್ದಾ?"

"ಅಲ್ಲ," ಝುಬೈರನ ದನಿ ಸಣ್ಣಗಾಯಿತು. "ಜಲಜಕ್ಕ ಹೊಲಿದದ್ದು."

"ಹಾಗಾದರೆ ಜಸ್ನಾಳದ್ದೂ ಅವರೇ ಹೊಲಿಯಲಿ. ಈ ಬೆನ್ನಿಲ್ಲದವಳನ್ನು ಬಂದ್ ಮಾಡು."

ನಾನು ಅಳತೆ ಟೇಪು ಹಿಡಿದು ಓಡಿಬಂದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂದಿತ್ತು.

ಮರುದಿನ ಮಿಶನ್ ಕಿಟಕಿಗೆ ಬಂತು, ಕಂಪ್ಯೂಟರ್ ಗೋಡೌನಿಗೆ ಹೋಯಿತು. ಧೂಳು ಕೂರಬಾರದೆಂದು ಅದಕ್ಕೊಂದು ಬಟ್ಟೆಯ ಕವರ್ ಹೊಲಿಯಲು ಝುಬೈರ್ ಹೇಳಿದ. ಹೊಲಿದುಕೊಟ್ಟೆ. ಅವನು ಅದನ್ನು ಕಂಪ್ಯೂಟರಿಗೆ ಹಾಕುವ ಮೊದಲು ಆಚೀಚೆ ನೋಡಿ, ಮೆಲ್ಲಗೆ ಮಗುಚಿ, ಒಳಗೆ ಬೆರಳಿಟ್ಟು ಅಳೆದ.