ಅಹಲ್ಯಾ ಮೇಡಂ ಅವರ ಅರವತ್ತೆರಡು ಸ್ಲೈಡುಗಳು

ಬೌದ್ಧಿಕ ಅಂಗವೈಕಲ್ಯ ಇರುವ ತಂದೆತಾಯಂದಿರ ಜೊತೆ ಸರಳವಾಗಿ ಮಾತಾಡುವುದು ಹೇಗೆ ಎಂದು ಮಕ್ಕಳ ರಕ್ಷಣಾ ಕಾರ್ಯಕರ್ತರಿಗೆ ಕಲಿಸಲು ಅಹಲ್ಯಾ ಅರವತ್ತೆರಡು ಸ್ಲೈಡು ಮಾಡಿಕೊಂಡು ದೆಹಲಿಯ ಜನಕಪುರಿಗೆ ಬಂದಿದ್ದಳು. ಇದರಲ್ಲಿ ನಗುವಂಥದ್ದೇನಿದೆ ಎಂಬುದು ಅವಳಿಗೆ ಮಧ್ಯಾಹ್ನದವರೆಗೂ ಹೊಳೆಯಲಿಲ್ಲ.

ಊಟದ ನಂತರ ಪ್ರಾತ್ಯಕ್ಷಿಕೆ. ಉದಾಹರಣೆಗೆಂದು ಮಯೂರಿಯನ್ನು ಕರೆಸಿದ್ದಳು. ಧಾರವಾಡದ ಗುಮಾಸ್ತರೊಬ್ಬರ ಮಗಳು, ದೆಹಲಿಯಲ್ಲೇ ಬೆಳೆದವಳು, ಕಲಿಯುವುದು ತುಸು ನಿಧಾನ. ಕಂಕುಳಲ್ಲಿ ಏಳು ತಿಂಗಳ ಮಗಳು. ಹೋದ ತಿಂಗಳು ಅವಳ ಮನೆಗೆ ಹೋಗಿ ಬಂದ ಅಹಲ್ಯಾ, ಮಗುವನ್ನು ತಾಯಿಯ ಬಳಿ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಗೆ ಬರೆದಿದ್ದಳು: 'ತಾಯಿಗೆ ಪುಡಿಹಾಲು ಬೆರೆಸಲು ಬರುವುದಿಲ್ಲ.'

"ಬಾಟಲಿ ತೊಳೆದಿದೆಯಾ ನೋಡು, ಆರಿದ ನೀರು ನೂರೈವತ್ತರ ಗೆರೆವರೆಗೆ ಹಾಕು, ಐದು ಚಮಚ ಪುಡಿ, ಚಮಚದ ಅಂಚಿಗೆ ಮಟ್ಟ ಮಾಡಿ, ಗಂಟಾಗದ ಹಾಗೆ ಕುಲುಕಿ, ಬಿಸಿ ನೋಡಿ ಕೊಡು," ಎಂದಳು ಅಹಲ್ಯಾ ಒಂದೇ ಉಸಿರಿಗೆ.

ಮಯೂರಿ ಬಾಟಲಿ ಹಿಡಿದು ನಿಂತಳು. "ಅಕ್ಕಾ, ನೀವು ಎಲ್ಲಾ ಒಟ್ಟಿಗೇ ಹೇಳ್ತೀರಿ. ಮನೆಗೆ ಬಂದಾಗಲೂ ಹಿಂಗೇ ಹೇಳಿದ್ರಿ. ಆಮೇಲೆ ಏನೋ ಬರ್ಕೊಂಡು ಹೋದ್ರಿ."

ಕನ್ನಡದಲ್ಲಷ್ಟೇ ಹೇಳಿ ಬಿಟ್ಟಿದ್ದರೆ ಅಹಲ್ಯಾಳ ಮರ್ಯಾದೆ ಉಳಿಯುತ್ತಿತ್ತು. ಮಯೂರಿ ಅದನ್ನೇ ಹಿಂದಿಯಲ್ಲೂ ಹೇಳಿದಳು. ತರಬೇತಿಗೆ ಬಂದಿದ್ದ ಮೂವತ್ತು ಜನರೂ ತಮ್ಮ ತಮ್ಮ ನೋಟ್‌ಬುಕ್ಕಿನೊಳಗೆ ಮುಖ ಹುದುಗಿಸಿದರು.

"ಹಾಗಾದ್ರೆ ನೋಡು, ನಾನು ಮಾಡಿ ತೋರಿಸ್ತೀನಿ," ಎಂದು ಅಹಲ್ಯಾ ಚಮಚ ಹಿಡಿದಳು. ವಿವರಿಸುತ್ತಾ ಹಾಕಿದಳು, ಹಾಕುತ್ತಾ ವಿವರಿಸಿದಳು. ನಡುವೆ ಕೈ ನಿಂತಿತು. ಮೂರಾಯಿತೋ, ನಾಲ್ಕೋ?

"ಮಾತಾಡ್ತಾ ಹಾಕಬಾರದು ಅಕ್ಕಾ," ಎಂದ ಮಯೂರಿ ಆ ಹಾಲು ಚೆಲ್ಲಿ, ಚೀಲದಿಂದ ಐದು ರಾಜ್ಮಾ ಕಾಳು ತೆಗೆದು ಮೇಜಿನ ಮೇಲಿಟ್ಟಳು. "ಒಂದು ಚಮಚ ಹಾಕಿದ್ರೆ ಒಂದು ಕಾಳು ಆಚೆ. ಕಾಳು ಮುಗಿದ್ರೆ ಪುಡಿ ಸಾಕು. ಅಮ್ಮ ಹೇಳಿಕೊಟ್ಟಿದ್ದು."

ಹದಿನೈದು ವರ್ಷದ ಅನುಭವವಿದ್ದ ಅಹಲ್ಯಾ ಕಾಳು ಸರಿಸಿ ಸರಿಸಿ ಹಾಲು ಬೆರೆಸಿದಳು. ಮಗು ಬಾಟಲಿ ಪೂರ್ತಿ ಖಾಲಿ ಮಾಡಿತು. ಅಹಲ್ಯಾ ಮೂವತ್ತೊಂದನೆಯ ಸ್ಲೈಡಿಗೇ ಪ್ರೊಜೆಕ್ಟರ್ ಆರಿಸಿ, ಉಳಿದ ಹೊತ್ತು ಮಯೂರಿಗೆ ಬಿಟ್ಟುಕೊಟ್ಟು, ಹಿಂದಿನ ಸಾಲಿನಲ್ಲಿ ಕೂತಳು.

ಸಂಜೆಯೇ ಸಮಿತಿಗೆ ಇನ್ನೊಂದು ಪತ್ರ ಹೋಯಿತು: 'ತಾಯಿಗೆ ಹಾಲು ಬೆರೆಸಲು ಬರುತ್ತದೆ. ಹೇಳಿಕೊಡಲು ನನಗೆ ಬಂದಿರಲಿಲ್ಲ.' ಮಗು ತಾಯಿಯ ಹತ್ತಿರವೇ ಇರಲಿ, ವಾರಕ್ಕೊಮ್ಮೆ ಒಬ್ಬ ಕಾರ್ಯಕರ್ತೆ ಹೋಗಿ ನೆರವಾಗಲಿ ಎಂದು ಸಮಿತಿ ಹೇಳಿತು.

ಸುದ್ದಿ ತಿಳಿಸಲು ಅಹಲ್ಯಾ ಫೋನ್ ಮಾಡಿದಳು. ಅರ್ಧ ಪುಟದ ಕ್ಷಮಾಪಣೆ ಬರೆದಿಟ್ಟುಕೊಂಡಿದ್ದಳು.

"ಅಚ್ಛಾ ಅಕ್ಕಾ, ಖುಷಿಯಾಯ್ತು. ಪಾಪು ಎದ್ದಳು," ಎಂದು ಮಯೂರಿ ಫೋನ್ ಇಟ್ಟುಬಿಟ್ಟಳು.